ಎರಡು ವರ್ಷದ ತಾಂತ್ರಿಕ ಕಾಲೇಜು: ಗಳಿಕೆಯ ಅಂಕಿಯನ್ನೂ ಸಾಲದ ಅಂಕಿಯನ್ನೂ ಓದುವ ಬಗೆ

ಪ್ರಶ್ನೆ: ನಾವು ಹಾಸನ ಜಿಲ್ಲೆಯವರು, ಅಮೆರಿಕದ ಟೆಕ್ಸಸ್ ರಾಜ್ಯದ ಆಸ್ಟಿನ್ ನಗರದ ಹೊರವಲಯದಲ್ಲಿ ನೆಲೆಸಿದ್ದೇವೆ. ಇಲ್ಲಿಯೇ ಹುಟ್ಟಿದ ಮಗ ಈ ವರ್ಷ ಹೈಸ್ಕೂಲು ಮುಗಿಸುತ್ತಿದ್ದಾನೆ. ವಿಶ್ವವಿದ್ಯಾಲಯಕ್ಕೆ ಸೇರುವಷ್ಟು ಅಂಕಗಳಿದ್ದರೂ ಟೆಕ್ಸಸ್ ಸ್ಟೇಟ್ ಟೆಕ್ನಿಕಲ್ ಕಾಲೇಜಿನಲ್ಲಿ ವಿದ್ಯುತ್ ಲೈನ್ ಕೆಲಸದ ಕೋರ್ಸು ಮಾಡುತ್ತೇನೆ ಎಂದು ಹಟ ಹಿಡಿದಿದ್ದಾನೆ. ಕೇಂದ್ರ ಸರ್ಕಾರದ ಕಾಲೇಜ್ ಸ್ಕೋರ್‌ಕಾರ್ಡ್ ಎಂಬ ಜಾಲತಾಣದಲ್ಲಿ ಆ ಕಾಲೇಜಿನಲ್ಲಿ ಓದಿದವರ ಗಳಿಕೆ ಎಷ್ಟು, ಸಾಲ ಎಷ್ಟು ಎಂದು ನೋಡಿದೆವು. ಆ ಅಂಕಿಗಳನ್ನು ನಂಬಬಹುದೇ? ಸ್ವಲ್ಪ ಸಾಲ ಮಾಡಿ ಓದಿದರೆ ಅವನಿಗೆ ತೀರಿಸಲು ಸಾಧ್ಯವೇ? ಊರಿನ ಬಂಧುಗಳು, ಲೈನ್‌ಮನ್ ಆಗುವುದಕ್ಕೆ ಅಮೆರಿಕದಲ್ಲಿ ಹುಟ್ಟಬೇಕಿತ್ತೇ ಎಂದು ಕೇಳುತ್ತಿದ್ದಾರೆ.

ಉತ್ತರ: ನೀವು ನೋಡಿರುವ ಅಂಕಿಗಳು ನಿಜವಾದವೇ, ಆದರೆ ನೀವು ಕೇಳುತ್ತಿರುವ ಪ್ರಶ್ನೆಗೆ ಅವು ಉತ್ತರವಾಗುವುದಿಲ್ಲ. ಕಾಲೇಜಿನ ಹೆಸರಿನ ಕೆಳಗೆ ಎದ್ದು ಕಾಣುವ ಗಳಿಕೆಯ ಮೊತ್ತ ಒಂದು ಗುಂಪಿಗೆ ಸೇರಿದ್ದು, ಅದರ ಪಕ್ಕದ ಸಾಲದ ಮೊತ್ತ ಇನ್ನೊಂದು ಗುಂಪಿಗೆ ಸೇರಿದ್ದು, ನಿಮ್ಮ ಮಗ ಸೇರಬಯಸುವ ಕೋರ್ಸಿನ ವಿದ್ಯಾರ್ಥಿಗಳು ಈ ಎರಡು ಗುಂಪುಗಳಲ್ಲೂ ಸಣ್ಣ ಪಾಲು ಮಾತ್ರ. ಆದುದರಿಂದ ಯಾವ ಅಂಕಿಯಲ್ಲಿ ಯಾರನ್ನು ಎಣಿಸಿದ್ದಾರೆ, ಯಾರನ್ನು ಬಿಟ್ಟಿದ್ದಾರೆ ಎಂಬುದನ್ನು ಮೊದಲು ತಿಳಿಸಿ, ಸಾಲದ ಲೆಕ್ಕಕ್ಕೆ ಆಮೇಲೆ ಬರುತ್ತೇನೆ. ಬಂಧುಗಳ ಮಾತಿಗೆ ಬೇಸರ ಪಡಬೇಡಿ. ಕೆಇಬಿ ಹೆಸರು ಅಳಿದು ಸೆಸ್ಕ್, ಬೆಸ್ಕಾಂಗಳು ಬಂದು ಎರಡು ದಶಕ ಕಳೆದರೂ ನಮ್ಮ ಕಡೆ ಇಂದಿಗೂ ಲೈನ್‌ಮನ್ ಎಂದರೆ ಸೈಕಲ್ಲಿನಲ್ಲಿ ಏಣಿ ಕಟ್ಟಿಕೊಂಡು ಬರುವ ಕೆಇಬಿಯವರೇ ಕಣ್ಣಮುಂದೆ ನಿಲ್ಲುತ್ತಾರೆ. ಟೆಕ್ಸಸ್‌ನಲ್ಲಿ ಆ ಕೆಲಸಕ್ಕೆ ಸಿಗುವ ಸಂಬಳ ಎಷ್ಟೆಂಬುದನ್ನು ಅವರಿಗೆ ಹೇಳಿದರೆ ಮಾತಿನ ಧಾಟಿ ಬದಲಾಗಬಹುದು.

ಕಾಲೇಜ್ ಸ್ಕೋರ್‌ಕಾರ್ಡ್ ಈಗಿರುವ ರೂಪದಲ್ಲಿ 2015ರ ಸೆಪ್ಟೆಂಬರ್‌ನಲ್ಲಿ ಬಂತು. ಅದರ ಹೆಚ್ಚುಗಾರಿಕೆಯೆಂದರೆ, ಗಳಿಕೆಯ ಮಾಹಿತಿಯನ್ನು ಹಳೆಯ ವಿದ್ಯಾರ್ಥಿಗಳಿಗೆ ಪತ್ರ ಬರೆದು ಕೇಳಿ ಪಡೆಯುವುದಿಲ್ಲ, ತೆರಿಗೆ ಇಲಾಖೆಯ ದಾಖಲೆಗಳಿಂದಲೇ ಪಡೆಯುತ್ತದೆ. ಸಮೀಕ್ಷೆಗೆ ಉತ್ತರಿಸುವವರು ಸಾಮಾನ್ಯವಾಗಿ ಒಳ್ಳೆಯ ಕೆಲಸ ಸಿಕ್ಕವರೇ ಆಗಿರುತ್ತಾರೆ, ಆ ದೋಷ ಇಲ್ಲಿಲ್ಲ. ಆದರೆ ಬೇರೆ ಮಿತಿಗಳಿವೆ. ಮೊದಲನೆಯದಾಗಿ, ಕೇಂದ್ರ ಸರ್ಕಾರದ ಅನುದಾನವನ್ನೋ ಸಾಲವನ್ನೋ ಪಡೆದ ವಿದ್ಯಾರ್ಥಿಗಳನ್ನು ಮಾತ್ರ ಅದು ಲೆಕ್ಕಕ್ಕೆ ಹಿಡಿಯುತ್ತದೆ. ತಂದೆತಾಯಿ ಕೈಯಿಂದ ಶುಲ್ಕ ಕಟ್ಟಿ ಓದಿಸಿದವರು ಅದರಲ್ಲಿಲ್ಲ. ಎರಡನೆಯದಾಗಿ, ಇಡೀ ಕಾಲೇಜಿಗೆ ಕೊಡುವ ಗಳಿಕೆಯ ಅಂಕಿಯನ್ನು ವಿದ್ಯಾರ್ಥಿ ಕಾಲೇಜಿಗೆ ಕಾಲಿಟ್ಟ ಹತ್ತು ವರ್ಷಗಳ ನಂತರ ಅಳೆಯುತ್ತಾರೆ, ಮತ್ತು ಅದರಲ್ಲಿ ಕೋರ್ಸು ಮುಗಿಸಿದವರ ಜೊತೆಗೆ ಅರ್ಧದಲ್ಲೇ ಬಿಟ್ಟವರೂ ಇರುತ್ತಾರೆ. ಮೂರನೆಯದಾಗಿ, ಅದು ಸರಾಸರಿಯಲ್ಲ, ಮಧ್ಯಾಂಕ. ಅಂದರೆ ಎಲ್ಲರ ಗಳಿಕೆಯನ್ನು ಏರಿಕೆಯ ಕ್ರಮದಲ್ಲಿ ಇಟ್ಟಾಗ ನಡುವೆ ನಿಲ್ಲುವವನ ಗಳಿಕೆ. ಅವನಿಗಿಂತ ಕಡಿಮೆ ಗಳಿಸುವವರು ಅರ್ಧದಷ್ಟು ಜನ ಇದ್ದೇ ಇರುತ್ತಾರೆ, ಅವರು ಎಷ್ಟು ಕಡಿಮೆ ಗಳಿಸುತ್ತಾರೆ ಎಂಬುದನ್ನು ಮಧ್ಯಾಂಕ ಹೇಳುವುದಿಲ್ಲ.

ಸಾಲದ ಅಂಕಿಯನ್ನು ತೆಗೆದ ರೀತಿ ಇದಕ್ಕಿಂತ ಬೇರೆ. ಅದು ಕೋರ್ಸನ್ನು ಮುಗಿಸಿದವರ ಸಾಲ, ಅವರಲ್ಲಿಯೂ ಸಾಲ ಪಡೆದವರದ್ದು ಮಾತ್ರ. ಸಾಲವೇ ಇಲ್ಲದೆ ಮುಗಿಸಿದವರು ಈ ಮಧ್ಯಾಂಕದೊಳಗೆ ಸೊನ್ನೆಯಾಗಿ ಬರುವುದಿಲ್ಲ, ಲೆಕ್ಕದಿಂದಲೇ ಹೊರಗಿರುತ್ತಾರೆ. ಎರಡು ವರ್ಷದ ಸಾರ್ವಜನಿಕ ಕಾಲೇಜುಗಳಲ್ಲಿ ಹೆಚ್ಚಿನ ವಿದ್ಯಾರ್ಥಿಗಳು ಕೇಂದ್ರದ ಸಾಲವನ್ನು ಪಡೆಯುವುದೇ ಇಲ್ಲವಾದ್ದರಿಂದ, ಸಾಲ ಪಡೆದವರು ಶೇಕಡ ಎಷ್ಟು ಎಂಬ ಇನ್ನೊಂದು ಅಂಕಿಯನ್ನು ಪಕ್ಕದಲ್ಲಿಟ್ಟುಕೊಳ್ಳದೆ ಈ ಮೊತ್ತವನ್ನು ಓದಬಾರದು. ಖಾಸಗಿ ಬ್ಯಾಂಕುಗಳ ಸಾಲ ಇದರಲ್ಲಿ ಸೇರಿಲ್ಲ. ತಂದೆತಾಯಿ ತಮ್ಮ ಹೆಸರಿನಲ್ಲಿ ತೆಗೆಯುವ ಪೇರೆಂಟ್ ಪ್ಲಸ್ ಸಾಲವನ್ನು ಬೇರೆಯಾಗಿ ತೋರಿಸುತ್ತಾರೆ. ಹೀಗೆ ಗಳಿಕೆಯ ಅಂಕಿಯಲ್ಲಿ ಬಿಟ್ಟುಹೋದವರೂ ಇದ್ದಾರೆ, ಸಾಲದ ಅಂಕಿಯಲ್ಲಿ ಮುಗಿಸಿದವರು ಮಾತ್ರ ಇದ್ದಾರೆ. ಒಂದನ್ನು ಇನ್ನೊಂದರಿಂದ ಭಾಗಿಸಿ ಇಷ್ಟು ವರ್ಷದಲ್ಲಿ ತೀರುತ್ತದೆ ಎಂದು ಲೆಕ್ಕ ಹಾಕುವವರನ್ನು ನಾನು ಆಗಾಗ ಕಾಣುತ್ತೇನೆ. ಆ ಭಾಗಾಕಾರಕ್ಕೆ ಅರ್ಥವಿಲ್ಲ.

ನಿಮ್ಮ ಕಾಲೇಜಿನ ವಿಷಯದಲ್ಲಿ ಇನ್ನೂ ಒಂದು ತೊಡಕಿದೆ. ಟೆಕ್ಸಸ್ ಸ್ಟೇಟ್ ಟೆಕ್ನಿಕಲ್ ಕಾಲೇಜು 1965ರಲ್ಲಿ ವೇಕೊ ನಗರದ ಹಳೆಯ ವಾಯುನೆಲೆಯೊಂದರಲ್ಲಿ ಆರಂಭವಾಗಿ, ಈಗ ಮೆಕ್ಸಿಕೊ ಗಡಿಯ ಹಾರ್ಲಿಂಜನ್‌ನಿಂದ ಪಶ್ಚಿಮದ ಸ್ವೀಟ್‌ವಾಟರ್‌ವರೆಗೆ, ಡಲ್ಲಾಸ್ ಬಳಿಯ ರೆಡ್ ಓಕ್‌ನಿಂದ ನಿಮಗೆ ಹತ್ತಿರದ ಹಟ್ಟೊವರೆಗೆ ಹರಡಿದೆ. ಮೊದಲು ಬೇರೆ ಬೇರೆ ಕಾಲೇಜುಗಳಾಗಿದ್ದ ಈ ಕ್ಯಾಂಪಸ್‌ಗಳು ಈಗ ಒಂದೇ ಮಾನ್ಯತೆಯಡಿಯಲ್ಲಿವೆ. ಗಡಿ ಜಿಲ್ಲೆಗಳಲ್ಲಿ ಕೂಲಿ ಸಂಬಳಗಳು ಕಡಿಮೆ. ಹ್ಯೂಸ್ಟನ್ ಸುತ್ತಲಿನ ರಾಸಾಯನಿಕ ಕಾರ್ಖಾನೆಗಳಲ್ಲಿ ಹೆಚ್ಚು. ಇವೆರಡನ್ನೂ, ವೆಲ್ಡಿಂಗ್ ಕಲಿತವನನ್ನೂ, ವಿಮಾನದ ರಿಪೇರಿ ಕಲಿತವನನ್ನೂ ಒಂದೇ ರಾಶಿಗೆ ಹಾಕಿ ತೆಗೆದ ಮಧ್ಯಾಂಕದಿಂದ ಲೈನ್ ಕೆಲಸ ಕಲಿಯುವ ಹುಡುಗನಿಗೆ ಏನೂ ತಿಳಿಯುವುದಿಲ್ಲ.

ಆದ್ದರಿಂದ ಕಾಲೇಜಿನ ಮುಖ್ಯ ಅಂಕಿಯನ್ನು ಬಿಟ್ಟು, ಅದೇ ಸ್ಕೋರ್‌ಕಾರ್ಡ್‌ನಲ್ಲಿರುವ ಅಧ್ಯಯನ ಕ್ಷೇತ್ರದ ವಿಭಾಗಕ್ಕೆ ಹೋಗಿ. ಅಲ್ಲಿ ಕೋರ್ಸುವಾರು ಮಾಹಿತಿ ಸಿಗುತ್ತದೆ. ಅದರಲ್ಲಿ ಕೋರ್ಸು ಮುಗಿಸಿದವರನ್ನು ಮಾತ್ರ ಎಣಿಸಿರುವುದರಿಂದ ಗಳಿಕೆಯನ್ನೂ ಸಾಲವನ್ನೂ ಒಟ್ಟಿಗೆ ನೋಡಬಹುದು. ಅಲ್ಲಿಯೂ ಒಂದು ಎಚ್ಚರ ಬೇಕು. ಕೋರ್ಸುಗಳನ್ನು ನಾಲ್ಕಂಕಿಯ ಸಂಕೇತದಡಿ ಗುಂಪು ಮಾಡಿರುತ್ತಾರೆ, ಮತ್ತು 46.03 ಎಂಬ ಸಂಕೇತದಡಿ ಮನೆ-ಕಟ್ಟಡಗಳ ವೈರಿಂಗ್ ಮಾಡುವ ಎಲೆಕ್ಟ್ರಿಷಿಯನ್ನರೂ ಲೈನ್ ಕೆಲಸದವರೂ ಒಟ್ಟಿಗಿದ್ದಾರೆ. ಕಾರ್ಮಿಕ ಅಂಕಿಅಂಶ ಕಚೇರಿಯ ಪ್ರಕಾರ 2023ರಲ್ಲಿ ದೇಶದ ಎಲೆಕ್ಟ್ರಿಷಿಯನ್ನರ ವಾರ್ಷಿಕ ಮಧ್ಯಾಂಕ ವೇತನ 61,590 ಡಾಲರ್ ಇದ್ದರೆ ವಿದ್ಯುತ್ ಲೈನ್ ಕೆಲಸಗಾರರದ್ದು 85,420 ಡಾಲರ್ ಇತ್ತು. ಇಷ್ಟು ಅಂತರವಿರುವ ಎರಡು ಕಸುಬುಗಳು ಒಂದೇ ಸಾಲಿನಲ್ಲಿ ಬಂದಾಗ ಆ ಸಾಲು ಎರಡಕ್ಕೂ ಪೂರ್ತಿ ಹೊಂದುವುದಿಲ್ಲ. ಇನ್ನು, ವಿದ್ಯಾರ್ಥಿಗಳ ಸಂಖ್ಯೆ ತೀರ ಕಡಿಮೆಯಿದ್ದರೆ ಖಾಸಗಿತನದ ಕಾರಣಕ್ಕೆ ಅಂಕಿಯನ್ನೇ ಮುಚ್ಚಿಡುತ್ತಾರೆ. ಖಾಲಿ ಜಾಗವನ್ನು ಕಂಡರೆ ಕೋರ್ಸು ಕೆಟ್ಟದೆಂದು ತಿಳಿಯಬೇಕಾಗಿಲ್ಲ.

ಮೇಲೆ ಹೇಳಿದ 85,420 ಡಾಲರ್ ನೋಡಿ ಮಗನ ಮೊದಲ ವರ್ಷದ ಸಂಬಳ ಅಷ್ಟಿರುತ್ತದೆ ಎಂದುಕೊಳ್ಳಬೇಡಿ. ಅದು ಇಪ್ಪತ್ತು ವರ್ಷ ಕೆಲಸ ಮಾಡಿದವರನ್ನೂ ಸೇರಿಸಿಕೊಂಡ ಮಧ್ಯಾಂಕ. ಕಾಲೇಜು ಮುಗಿಸಿ ಹೊರಬಂದವನು ನೇರವಾಗಿ ಪೂರ್ಣ ಲೈನ್‌ಮನ್ ಆಗುವುದಿಲ್ಲ. ವಿದ್ಯುತ್ ಕಂಪನಿಯಲ್ಲೋ ಗುತ್ತಿಗೆದಾರರ ಬಳಿಯಲ್ಲೋ ಅಪ್ರೆಂಟಿಸ್ ಆಗಿ ಸುಮಾರು 7,000 ಗಂಟೆ, ಅಂದರೆ ಮೂರೂವರೆ ನಾಲ್ಕು ವರ್ಷ ದುಡಿದ ಮೇಲೆ ಆ ದರ್ಜೆಗೇರುತ್ತಾನೆ, ಸಂಬಳವೂ ಹಂತ ಹಂತವಾಗಿ ಏರುತ್ತದೆ. ಇನ್ನೊಂದು ಕಡೆಯಿಂದ ನೋಡಿದರೆ ಈ ಅಂಕಿ ನಿಜವಾದ ಗಳಿಕೆಗಿಂತ ಕಡಿಮೆಯೂ ಹೌದು, ಏಕೆಂದರೆ ಕಾರ್ಮಿಕ ಅಂಕಿಅಂಶ ಕಚೇರಿಯ ಈ ಲೆಕ್ಕದಲ್ಲಿ ಓವರ್‌ಟೈಮಿನ ಹೆಚ್ಚುವರಿ ಹಣ ಸೇರುವುದಿಲ್ಲ. ತೆರಿಗೆ ದಾಖಲೆಯಲ್ಲಿ ಅದು ಸೇರಿರುತ್ತದೆ. ಲೈನ್ ಕೆಲಸದವರಿಗೆ ಓವರ್‌ಟೈಮು ಸಣ್ಣ ವಿಷಯವಲ್ಲ: 2024ರ ಜುಲೈನಲ್ಲಿ ಬೆರಿಲ್ ಚಂಡಮಾರುತ ಹ್ಯೂಸ್ಟನ್ ಪ್ರದೇಶದ 20 ಲಕ್ಷಕ್ಕೂ ಹೆಚ್ಚು ಗ್ರಾಹಕರ ಕರೆಂಟು ಕಳೆದಾಗ ಹೊರ ರಾಜ್ಯಗಳಿಂದಲೂ ತಂಡಗಳು ಬಂದು ಹಗಲೂ ರಾತ್ರಿ ದುಡಿದವು. ಆ ಹಣ ಸುಮ್ಮನೆ ಬರುವುದೂ ಇಲ್ಲ. ಅಮೆರಿಕದಲ್ಲಿ ಕೆಲಸದ ವೇಳೆ ಸಾವು ಹೆಚ್ಚಾಗಿ ಸಂಭವಿಸುವ ಕಸುಬುಗಳಲ್ಲಿ ಇದೂ ಒಂದು. ಗಳಿಕೆಯ ಪಟ್ಟಿಯಲ್ಲಿ ಕಾಣದ ಈ ಅಂಶವನ್ನು ತಾಯ್ತಂದೆಗಳು ತೂಗಿ ನೋಡುವುದು ನ್ಯಾಯವೇ.

ಇಲ್ಲಿ ನಿಮ್ಮ ಮಗ ಆರಿಸಿಕೊಂಡಿರುವ ಕಾಲೇಜಿನ ಬಗ್ಗೆ ಒಂದು ವಿಶೇಷವನ್ನು ಹೇಳಲೇಬೇಕು. 2013ರಲ್ಲಿ ಟೆಕ್ಸಸ್ ಶಾಸನಸಭೆ ಈ ಕಾಲೇಜಿಗೆ ಬೋಧನೆಗಾಗಿ ಕೊಡುವ ರಾಜ್ಯದ ಹಣವನ್ನು ವಿದ್ಯಾರ್ಥಿಗಳು ತರಗತಿಯಲ್ಲಿ ಕುಳಿತ ಗಂಟೆಗಳ ಲೆಕ್ಕದಿಂದ ಬಿಡಿಸಿ, ಅವರು ಹೊರಹೋದ ಮೇಲೆ ಗಳಿಸುವ ಸಂಬಳಕ್ಕೆ ಕಟ್ಟಿಹಾಕಿತು. ವಿದ್ಯಾರ್ಥಿ ಕಾಲೇಜು ಬಿಟ್ಟ ಐದು ವರ್ಷಗಳಲ್ಲಿ ಕನಿಷ್ಠ ವೇತನಕ್ಕಿಂತ ಎಷ್ಟು ಹೆಚ್ಚು ಗಳಿಸಿದ ಎಂಬುದನ್ನು ನೋಡಿ, ಅದರಿಂದ ರಾಜ್ಯಕ್ಕಾದ ಲಾಭದ ಒಂದು ಪಾಲನ್ನು ಕಾಲೇಜಿಗೆ ಹಿಂದಿರುಗಿಸುವ ಸೂತ್ರವಿದು. ಗಂಟೆಗೆ 7.25 ಡಾಲರಿನ ಕನಿಷ್ಠ ವೇತನದಲ್ಲಿ ವರ್ಷವಿಡೀ ಪೂರ್ಣಾವಧಿ ದುಡಿದರೆ 15,080 ಡಾಲರ್ ಆಗುತ್ತದೆ. ಅದರ ಮೇಲಿನದ್ದೇ ಕಾಲೇಜಿನ ಸಾಧನೆ. ಹೀಗಾಗಿ ಕೆಲಸ ಸಿಗದ ಕೋರ್ಸುಗಳಿಗೆ ಹುಡುಗರನ್ನು ತುಂಬಿಕೊಳ್ಳುವುದರಿಂದ ಕಾಲೇಜಿಗೆ ಲಾಭವಿಲ್ಲ. ನನ್ನ ದೃಷ್ಟಿಯಲ್ಲಿ ಇದು ಜಾಹೀರಾತಿನ ಎಷ್ಟೋ ಮಾತುಗಳಿಗಿಂತ ಗಟ್ಟಿಯಾದ ಭರವಸೆ. 2016ರಲ್ಲಿ ಕೆಲವು ಕೋರ್ಸುಗಳಿಗೆ, ಮುಗಿಸಿದ ಆರು ತಿಂಗಳೊಳಗೆ ಆ ಕ್ಷೇತ್ರದಲ್ಲಿ ಕೆಲಸ ಸಿಗದಿದ್ದರೆ ಬೋಧನಾ ಶುಲ್ಕವನ್ನು ಹಿಂದಿರುಗಿಸುವ ಯೋಜನೆಯನ್ನೂ ಕಾಲೇಜು ಆರಂಭಿಸಿತು. ಲೈನ್ ಕೆಲಸದ ಕೋರ್ಸು ಈ ವರ್ಷ ಆ ಪಟ್ಟಿಯಲ್ಲಿದೆಯೇ, ಮೊದಲೇ ನೋಂದಾಯಿಸಬೇಕೇ ಎಂಬುದನ್ನು ಕೇಳಿಕೊಳ್ಳಿ. ಹಿಂದಿರುಗುವುದು ಶುಲ್ಕ ಮಾತ್ರ. ಎರಡು ವರ್ಷದ ಊಟ, ಬಾಡಿಗೆ, ಉಪಕರಣಗಳ ಖರ್ಚು ಹಿಂದಿರುಗುವುದಿಲ್ಲ ಎಂಬುದು ನೆನಪಿರಲಿ.

ರಾಜ್ಯದ ಈ ಲೆಕ್ಕಕ್ಕೆ ಆಧಾರವಾಗುವುದು ನಿರುದ್ಯೋಗ ವಿಮೆಗಾಗಿ ಕಂಪನಿಗಳು ಮೂರು ತಿಂಗಳಿಗೊಮ್ಮೆ ಸಲ್ಲಿಸುವ ಸಂಬಳದ ಪಟ್ಟಿಗಳು. ಸ್ವಂತ ಉದ್ಯೋಗ ಮಾಡುವವರು, ಸೇನೆಗೆ ಸೇರಿದವರು, ಬೇರೆ ರಾಜ್ಯದಲ್ಲಿ ಕೆಲಸ ಹಿಡಿದವರು ಆ ಪಟ್ಟಿಗಳಲ್ಲಿ ಇರುವುದಿಲ್ಲ. ಲೈನ್ ಕೆಲಸದವರಲ್ಲಿ ಊರೂರು ಸುತ್ತುವ ಗುತ್ತಿಗೆ ಕಂಪನಿಗಳಿಗೆ ಸೇರುವವರು ಬಹಳವಾದ್ದರಿಂದ, ರಾಜ್ಯದ ಅಂಕಿಯೂ ಸ್ಕೋರ್‌ಕಾರ್ಡ್‌ನ ಅಂಕಿಯೂ ಒಂದಕ್ಕೊಂದು ತಾಳೆಯಾಗದಿದ್ದರೆ ಯಾರೋ ಮೋಸ ಮಾಡಿದ್ದಾರೆಂದು ಅನುಮಾನಿಸಬೇಡಿ.

ಇನ್ನು ಹೋಲಿಕೆ. ಗಳಿಕೆ ಎಷ್ಟು ಎಂಬುದಕ್ಕಿಂತ, ಕಾಲೇಜಿಗೆ ಹೋಗದಿದ್ದರೆ ಎಷ್ಟಿರುತ್ತಿತ್ತು ಎಂಬುದು ಮುಖ್ಯ. 2024ರಲ್ಲಿ 25 ವರ್ಷ ದಾಟಿದ ಪೂರ್ಣಾವಧಿ ಕೆಲಸಗಾರರ ವಾರದ ಮಧ್ಯಾಂಕ ಗಳಿಕೆ ಹೈಸ್ಕೂಲು ಮಾತ್ರ ಓದಿದವರಲ್ಲಿ 930 ಡಾಲರ್, ಎರಡು ವರ್ಷದ ಅಸೋಸಿಯೇಟ್ ಪದವಿ ಪಡೆದವರಲ್ಲಿ 1,099 ಡಾಲರ್, ನಾಲ್ಕು ವರ್ಷದ ಪದವಿಯವರಲ್ಲಿ 1,543 ಡಾಲರ್ ಇತ್ತು. ಕಾಲೇಜಿಗೆ ಸೇರಿ ಯಾವ ಪದವಿಯೂ ಇಲ್ಲದೆ ಬಂದವರದ್ದು 1,020 ಡಾಲರ್. ಹೈಸ್ಕೂಲಿಗೂ ಅಸೋಸಿಯೇಟ್ ಪದವಿಗೂ ನಡುವಿನ ಅಂತರ ವರ್ಷಕ್ಕೆ ಸುಮಾರು 8,800 ಡಾಲರ್. ಆದರೆ ಓದುವವರೂ ಓದದವರೂ ಮೊದಲಿನಿಂದಲೇ ಒಂದೇ ತೆರನಾದವರಲ್ಲ ಎಂಬ ಆಕ್ಷೇಪ ಇಲ್ಲಿ ಸರಿಯಾದದ್ದು. ಅದನ್ನು ನಿವಾರಿಸಲು ಕ್ರಿಸ್ಟೋಫರ್ ಜೆಪ್ಸೆನ್, ಕೆನೆತ್ ಟ್ರೋಸ್ಕೆ ಮತ್ತು ಪಾಲ್ ಕೂಮ್ಸ್ ಎಂಬ ಅರ್ಥಶಾಸ್ತ್ರಜ್ಞರು ಕೆಂಟಕಿ ರಾಜ್ಯದ ಸಮುದಾಯ ಹಾಗೂ ತಾಂತ್ರಿಕ ಕಾಲೇಜುಗಳ ವಿದ್ಯಾರ್ಥಿಗಳ ಓದಿನ ಹಿಂದಿನ ಮತ್ತು ನಂತರದ ಸಂಬಳಗಳನ್ನು ಹೋಲಿಸಿ 2014ರಲ್ಲಿ ಫಲಿತಾಂಶ ಪ್ರಕಟಿಸಿದರು. ಅಸೋಸಿಯೇಟ್ ಪದವಿ ಅಥವಾ ಡಿಪ್ಲೊಮಾದಿಂದ ಮೂರು ತಿಂಗಳ ಗಳಿಕೆಯಲ್ಲಿ ಮಹಿಳೆಯರಿಗೆ ಸುಮಾರು 2,400 ಡಾಲರ್, ಪುರುಷರಿಗೆ ಸುಮಾರು 1,500 ಡಾಲರ್ ಹೆಚ್ಚಳ ಕಂಡುಬಂತು; ಅಲ್ಪಾವಧಿಯ ಸರ್ಟಿಫಿಕೇಟುಗಳಿಂದ ಬಂದ ಹೆಚ್ಚಳ ಸುಮಾರು 300 ಡಾಲರ್ ಮಾತ್ರ.

ಈ ಕೊನೆಯ ಅಂಶ ನಿಮಗೆ ನೇರವಾಗಿ ಸಂಬಂಧಿಸಿದ್ದು, ಏಕೆಂದರೆ ಲೈನ್ ಕೆಲಸಕ್ಕೆ ಸರ್ಟಿಫಿಕೇಟೂ ಇದೆ, ಎರಡು ವರ್ಷದ ಅನ್ವಯಿಕ ವಿಜ್ಞಾನದ ಅಸೋಸಿಯೇಟ್ ಪದವಿಯೂ ಇದೆ. ಕೆಂಟಕಿಯ ಅಂಕಿಗಳು ಎಲ್ಲ ಕಸುಬುಗಳನ್ನೂ ಒಟ್ಟುಗೂಡಿಸಿದವು. ಲೈನ್ ಕೆಲಸದಲ್ಲಿ ಕೆಲಸ ಕೊಡುವವರು ಕಂಬ ಹತ್ತುವ ಕೌಶಲವನ್ನೂ ದೊಡ್ಡ ಲಾರಿ ಓಡಿಸುವ ವಾಣಿಜ್ಯ ಪರವಾನಗಿಯನ್ನೂ ಹೆಚ್ಚಾಗಿ ನೋಡುತ್ತಾರೆ. ಆ ಪರವಾನಗಿಯನ್ನು 18ಕ್ಕೇ ಪಡೆಯಬಹುದಾದರೂ 21 ತುಂಬುವವರೆಗೆ ರಾಜ್ಯದ ಗಡಿ ದಾಟಿ ಓಡಿಸುವಂತಿಲ್ಲ. ಆದುದರಿಂದ ಸ್ಥಳೀಯ ವಿದ್ಯುತ್ ಕಂಪನಿಗಳು ಸರ್ಟಿಫಿಕೇಟಿನವನನ್ನೇ ತೆಗೆದುಕೊಳ್ಳುತ್ತವೆಯೇ, ಪದವಿಗೆ ಹೆಚ್ಚಿನ ಮೆಟ್ಟಿಲಿನ ಸಂಬಳ ಕೊಡುತ್ತವೆಯೇ ಎಂಬುದನ್ನು ಕಂಪನಿಗಳಿಂದಲೇ ತಿಳಿಯಬೇಕು. ಇನ್ನೂ ಒಂದು ದಾರಿಯಿದೆ: ವಿದ್ಯುತ್ ಕೆಲಸಗಾರರ ಐಬಿಇಡಬ್ಲ್ಯು ಕಾರ್ಮಿಕ ಸಂಘ ಮತ್ತು ಗುತ್ತಿಗೆದಾರರು ಸೇರಿ ನಡೆಸುವ ನೋಂದಾಯಿತ ಅಪ್ರೆಂಟಿಸ್‌ಶಿಪ್‌ಗಳಿಗೆ ಕಾಲೇಜಿಗೆ ಹೋಗದೆಯೇ ಅರ್ಜಿ ಹಾಕಬಹುದು, ಅಲ್ಲಿ ಕಲಿಯುವಾಗಲೇ ಸಂಬಳ ಬರುತ್ತದೆ. ಪೈಪೋಟಿ ಹೆಚ್ಚಿರುವುದರಿಂದ ಕಾಲೇಜಿನ ತರಬೇತಿ ಅಲ್ಲಿಗೆ ಹೋಗಲು ನೆರವಾಗಬಹುದು, ಆದರೆ ಅದೊಂದೇ ಬಾಗಿಲು ಎಂದು ತಿಳಿದು ಸಾಲಕ್ಕೆ ಕೈ ಹಾಕಬಾರದು.

ಈಗ ಸಾಲದ ಲೆಕ್ಕ. ನಿಮ್ಮ ಮಗ ಅಮೆರಿಕದ ಪ್ರಜೆಯಾದ್ದರಿಂದ ಫಾಫ್ಸಾ ಎಂಬ ಕೇಂದ್ರದ ನೆರವಿನ ಅರ್ಜಿ ತುಂಬಿ ಕೇಂದ್ರದ ನೇರ ಸಾಲ ಪಡೆಯಬಹುದು, ಕಾಲೇಜು ಆ ಸಾಲ ಯೋಜನೆಯಲ್ಲಿ ಪಾಲ್ಗೊಂಡಿದ್ದರೆ. ಎರಡು ವರ್ಷದ ಕೆಲವು ಕಾಲೇಜುಗಳು ಅದರಿಂದ ಹೊರಗುಳಿದಿವೆ: ಸಾಲ ಪಡೆದವರಲ್ಲಿ ಮೂರು ವರ್ಷ ಸತತವಾಗಿ ಶೇಕಡ 30ಕ್ಕೂ, ಅಥವಾ ಒಂದೇ ವರ್ಷ ಶೇಕಡ 40ಕ್ಕೂ ಮೀರಿ ಸುಸ್ತಿದಾರರಾದರೆ ಕಾಲೇಜಿಗೆ ಕೇಂದ್ರದ ನೆರವಿನ ಅರ್ಹತೆ ತಪ್ಪಬಹುದು, ಆ ಭಯ ಅವಕ್ಕೆ. ತಂದೆತಾಯಿಯನ್ನು ಅವಲಂಬಿಸಿದ ವಿದ್ಯಾರ್ಥಿಗೆ ಮೊದಲ ವರ್ಷ ಹೆಚ್ಚೆಂದರೆ 5,500 ಡಾಲರ್, ಎರಡನೇ ವರ್ಷ 6,500 ಡಾಲರ್ ಸಿಗುತ್ತದೆ. ಎರಡು ವರ್ಷಕ್ಕೆ ಒಟ್ಟು 12,000. ಈ ಮಿತಿಯೇ ಎರಡು ವರ್ಷದ ಕಾಲೇಜಿನ ವಿದ್ಯಾರ್ಥಿಗೆ ದೊಡ್ಡ ರಕ್ಷಣೆ ಎಂದು ನಾನು ಭಾವಿಸುತ್ತೇನೆ. 2025-26ರ ಸಾಲಗಳ ಬಡ್ಡಿ ಶೇಕಡ 6.39, ಸಾಲದ ಅವಧಿಯುದ್ದಕ್ಕೂ ಬದಲಾಗದು. ಸಾಫ್ಟ್‌ವೇರ್ ಸಂಬಳದ ಕುಟುಂಬಗಳಿಗೆ ಕಡಿಮೆ ವರಮಾನದವರಿಗೆ ಕೇಂದ್ರ ಕೊಡುವ, ತೀರಿಸಬೇಕಿಲ್ಲದ ಪೆಲ್ ಅನುದಾನವಾಗಲಿ (ಅದರ ಗರಿಷ್ಠ ಮೊತ್ತ 2025-26ರಲ್ಲಿ 7,395 ಡಾಲರ್) ಓದುವಾಗ ಬಡ್ಡಿ ಬೀಳದ ಸಹಾಯಧನದ ಸಾಲವಾಗಲಿ ಸಾಮಾನ್ಯವಾಗಿ ಸಿಗುವುದಿಲ್ಲ. ಸಿಗುವುದು ಬಡ್ಡಿ ಮೊದಲ ದಿನದಿಂದಲೇ ಬೆಳೆಯುವ ಸಾಲ: 5,500 ಡಾಲರಿಗೆ ವರ್ಷಕ್ಕೆ ಸುಮಾರು 350 ಡಾಲರ್ ಬಡ್ಡಿ. ಓದುವಾಗಲೇ ಆ ಬಡ್ಡಿಯನ್ನು ಕಟ್ಟಿಬಿಟ್ಟರೆ ಅಸಲು ಬೆಳೆಯುವುದಿಲ್ಲ.

ಕೊನೆಗೆ 12,000 ಡಾಲರ್ ಬಾಕಿಯಿದೆ ಎಂದಿಟ್ಟುಕೊಂಡು ಹತ್ತು ವರ್ಷದ ಕಂತು ಹಾಕಿದರೆ ತಿಂಗಳಿಗೆ ಸುಮಾರು 136 ಡಾಲರ್, ವರ್ಷಕ್ಕೆ ಸುಮಾರು 1,630 ಡಾಲರ್ ಆಗುತ್ತದೆ. ವೃತ್ತಿ ಕೋರ್ಸುಗಳ ಮೇಲೆ ಕೇಂದ್ರ ಶಿಕ್ಷಣ ಇಲಾಖೆ 2023ರಲ್ಲಿ ರೂಪಿಸಿದ ನಿಯಮದಲ್ಲಿ ವಾರ್ಷಿಕ ಕಂತು ವಾರ್ಷಿಕ ಗಳಿಕೆಯ ಶೇಕಡ 8ರೊಳಗೆ ಇರಬೇಕೆಂಬುದು ಒಂದು ಅಳತೆ. ಅಪ್ರೆಂಟಿಸ್ ಆಗಿ ವರ್ಷಕ್ಕೆ 40,000 ಡಾಲರ್ ಮಾತ್ರ ಗಳಿಸುತ್ತಾನೆ ಎಂದು ಬಿಗಿಯಾಗಿ ಲೆಕ್ಕ ಹಾಕಿದರೂ ಈ ಕಂತು ಶೇಕಡ 4ರಷ್ಟೇ ಆಗುತ್ತದೆ. ಆದ್ದರಿಂದ ನಿಮ್ಮ ಪ್ರಶ್ನೆಗೆ ನೇರ ಉತ್ತರ: ಕೋರ್ಸನ್ನು ಮುಗಿಸಿ ಆ ಕಸುಬಿನಲ್ಲಿ ಕೆಲಸ ಹಿಡಿದರೆ, ತನ್ನ ಹೆಸರಿನ ಕೇಂದ್ರದ ಸಾಲವನ್ನು ಅವನು ಕಷ್ಟವಿಲ್ಲದೆ ತೀರಿಸಬಲ್ಲ. ನಿಮ್ಮ ಹೆಸರಿನಲ್ಲಿ ಪೇರೆಂಟ್ ಪ್ಲಸ್ ಸಾಲ ತೆಗೆಯುವುದನ್ನು ನಾನು ಒಪ್ಪುವುದಿಲ್ಲ. ಅದರ ಬಡ್ಡಿ 2025-26ರಲ್ಲಿ ಶೇಕಡ 8.94, ಅದರ ಮೇಲೆ ಶೇಕಡ 4ಕ್ಕೂ ಹೆಚ್ಚು ಶುಲ್ಕವನ್ನು ಮೊದಲೇ ಮುರಿದುಕೊಳ್ಳುತ್ತಾರೆ. ಖಾಸಗಿ ಸಾಲಕ್ಕೆ ಜಾಮೀನು ಹಾಕುವುದೂ ಬೇಡ. ಮಗನಿಗಾಗಿ 529 ಎಂಬ, ಓದಿನ ಖರ್ಚಿಗೆ ತೆರಿಗೆ ರಿಯಾಯಿತಿಯಲ್ಲಿ ಕೂಡಿಡುವ ಖಾತೆಯಲ್ಲಿ ಹಣ ಇಟ್ಟಿದ್ದರೆ ತಾಂತ್ರಿಕ ಕಾಲೇಜಿನ ಶುಲ್ಕಕ್ಕೆ ಮಾತ್ರವಲ್ಲ, ನೋಂದಾಯಿತ ಅಪ್ರೆಂಟಿಸ್‌ಶಿಪ್‌ನ ಉಪಕರಣಗಳಿಗೂ ಅದನ್ನು ಬಳಸಬಹುದು ಎಂಬುದು ನಮ್ಮವರಲ್ಲಿ ಅನೇಕರಿಗೆ ತಿಳಿದಿಲ್ಲ.

ಮೇಲಿನ ವಾಕ್ಯದಲ್ಲಿ ನಾನು ಹಾಕಿದ ಷರತ್ತು, ಮುಗಿಸಿದರೆ ಎಂಬುದು, ಇಡೀ ವಿಷಯದ ತಿರುಳು. ಎರಡು ವರ್ಷದ ಸಾರ್ವಜನಿಕ ಕಾಲೇಜುಗಳಲ್ಲಿ ಮೊದಲ ಬಾರಿಗೆ ಪೂರ್ಣಾವಧಿ ಓದಿಗೆ ಸೇರಿದವರಲ್ಲಿ ಮೂರು ವರ್ಷದೊಳಗೆ ಅದೇ ಕಾಲೇಜಿನಲ್ಲಿ ಮುಗಿಸುವವರು ಹತ್ತರಲ್ಲಿ ಸುಮಾರು ಮೂವರು. ಬಿಟ್ಟವರಲ್ಲಿ ಕೆಲವರು ಬೇರೆ ಕಾಲೇಜಿಗೆ ಹೋಗಿರುತ್ತಾರೆ, ಉಳಿದವರು ಸಾಲ ಇಟ್ಟುಕೊಂಡು ಕಸುಬಿಲ್ಲದೆ ಹೊರಗೆ ಬಂದಿರುತ್ತಾರೆ. ಅಮೆರಿಕದ ವಿದ್ಯಾರ್ಥಿ ಸಾಲದ ಬಗ್ಗೆ ಮಾತನಾಡುವಾಗ ಲಕ್ಷ ಡಾಲರಿನ ಸಾಲಗಾರರನ್ನೇ ನೆನೆಯುವುದು ರೂಢಿ. ನ್ಯೂಯಾರ್ಕ್ ಫೆಡರಲ್ ರಿಸರ್ವ್ ಬ್ಯಾಂಕಿನ ವಿಶ್ಲೇಷಣೆ ತೋರಿಸಿದ್ದು ಬೇರೆಯದನ್ನು. 2009ರಲ್ಲಿ ಕಾಲೇಜು ಬಿಟ್ಟ ಸಾಲಗಾರರಲ್ಲಿ 5,000 ಡಾಲರಿಗಿಂತ ಕಡಿಮೆ ಬಾಕಿಯಿದ್ದವರ ಪೈಕಿ ಶೇಕಡ 34ರಷ್ಟು ಜನ ಐದು ವರ್ಷದೊಳಗೆ ಸುಸ್ತಿದಾರರಾದರು. ಲಕ್ಷ ಡಾಲರಿಗೂ ಮೀರಿ ಸಾಲವಿದ್ದವರಲ್ಲಿ ಆ ಪ್ರಮಾಣ ಸುಮಾರು ಶೇಕಡ 18. ಸಣ್ಣ ಸಾಲ ಎಂದರೆ ಅನೇಕ ವೇಳೆ ಒಂದೆರಡು ಸೆಮಿಸ್ಟರಿಗೇ ಓದು ನಿಲ್ಲಿಸಿದವರ ಸಾಲ. ಆದುದರಿಂದ ಸಾಲದ ಮೊತ್ತ ಕಡಿಮೆಯಿರುವ ಕಾಲೇಜನ್ನು ಕಂಡಾಗ, ಮುಗಿಸುವವರ ಪ್ರಮಾಣವನ್ನು ನೋಡದೆ ಸಮಾಧಾನ ಪಡಬಾರದು. ನಿಮ್ಮ ಮಗ ಎತ್ತರಕ್ಕೆ ಅಂಜುತ್ತಾನೆಯೇ, ಜುಲೈ ತಿಂಗಳ ಟೆಕ್ಸಸ್ ಬಿಸಿಲಿನಲ್ಲಿ ದಿನವಿಡೀ ಹೊರಗೆ ದುಡಿಯಬಲ್ಲನೇ ಎಂಬ ಪ್ರಶ್ನೆಗಳು ಹಣದ ಪ್ರಶ್ನೆಗಳಂತೆ ಕಾಣುವುದಿಲ್ಲ, ಆದರೆ ಈ ಕೋರ್ಸನ್ನು ಮುಗಿಸುವುದೂ ಬಿಡುವುದೂ ಅವುಗಳ ಮೇಲೆಯೇ ನಿಂತಿದೆ.

ಇದೇ ಕೋರ್ಸನ್ನು ಲಾಭಕ್ಕಾಗಿ ನಡೆಯುವ ಖಾಸಗಿ ಸಂಸ್ಥೆಗಳೂ ಕಲಿಸುತ್ತವೆ. ಅವುಗಳ ಶುಲ್ಕ ಸಾಮಾನ್ಯವಾಗಿ ಹಲವು ಪಟ್ಟು ಹೆಚ್ಚು. ಲಾಭಕ್ಕಾಗಿ ನಡೆಯುತ್ತಿದ್ದ ಕೊರಿಂಥಿಯನ್ ಕಾಲೇಜುಗಳು 2015ರಲ್ಲಿ, ಐಟಿಟಿ ಟೆಕ್ನಿಕಲ್ ಇನ್‌ಸ್ಟಿಟ್ಯೂಟ್ 2016ರಲ್ಲಿ ಬಾಗಿಲು ಮುಚ್ಚಿದವು. ಕೊನೆಗೆ 2022ರಲ್ಲಿ ಕೇಂದ್ರ ಸರ್ಕಾರ ಮೊದಲನೆಯದರ 5,60,000 ಸಾಲಗಾರರ 580 ಕೋಟಿ ಡಾಲರನ್ನೂ ಎರಡನೆಯದರ 2,08,000 ಸಾಲಗಾರರ 390 ಕೋಟಿ ಡಾಲರನ್ನೂ ಮನ್ನಾ ಮಾಡಬೇಕಾಯಿತು. 2025ರ ಜುಲೈನಲ್ಲಿ ಬಂದ ಕಾನೂನಿನಂತೆ, ಪದವಿ ಕೋರ್ಸೊಂದನ್ನು ಮುಗಿಸಿದವರ ಮಧ್ಯಾಂಕ ಗಳಿಕೆ ಹೈಸ್ಕೂಲು ಮಾತ್ರ ಓದಿದವರಿಗಿಂತ ಮೂರರಲ್ಲಿ ಎರಡು ವರ್ಷ ಕಡಿಮೆಯಾದರೆ ಆ ಕೋರ್ಸಿಗೆ ಕೇಂದ್ರದ ಸಾಲ ನಿಲ್ಲುತ್ತದೆ. ಆ ಕಾನೂನಿನ ಪರೀಕ್ಷೆಯಲ್ಲಿ ಸರ್ಟಿಫಿಕೇಟ್ ಕೋರ್ಸುಗಳು ಸೇರಿರಲಿಲ್ಲ. ಲೈನ್ ಕೆಲಸಕ್ಕೆ ಇದರಿಂದ ಅಪಾಯವಿಲ್ಲ, ಆದರೆ ಬೇರೆ ಮನೆಗಳಲ್ಲಿ ಸೌಂದರ್ಯ ಚಿಕಿತ್ಸೆ, ವೈದ್ಯಕೀಯ ಸಹಾಯಕರಂಥ ಕೋರ್ಸುಗಳಲ್ಲಿ ಪದವಿಯನ್ನು ಯೋಚಿಸುತ್ತಿರುವವರು ಗಮನಿಸಬೇಕು.

ವಿಶ್ವವಿದ್ಯಾಲಯದ ದಾರಿ ಮುಚ್ಚಿಹೋಗುತ್ತದೆಯೇ ಎಂದು ನೀವು ಕೇಳಿಲ್ಲ, ಆದರೆ ಮನಸ್ಸಿನಲ್ಲಿ ಇದ್ದೇ ಇರುತ್ತದೆ. ನಮ್ಮಲ್ಲಿ ಪಾಲಿಟೆಕ್ನಿಕ್ ಡಿಪ್ಲೊಮಾ ಮುಗಿಸಿದವರು ನೇರವಾಗಿ ಬಿಇ ಎರಡನೇ ವರ್ಷಕ್ಕೆ ಸೇರುವಂಥ ವ್ಯವಸ್ಥೆ ಇಲ್ಲಿ ಅಷ್ಟು ಸಲೀಸಲ್ಲ. ಅನ್ವಯಿಕ ವಿಜ್ಞಾನದ ಅಸೋಸಿಯೇಟ್ ಪದವಿಯ ಬಹುಪಾಲು ಕ್ರೆಡಿಟ್‌ಗಳನ್ನು ಎಂಜಿನಿಯರಿಂಗ್ ಪದವಿಗೆ ಒಪ್ಪಿಕೊಳ್ಳುವುದಿಲ್ಲ. ಟೆಕ್ಸಸ್‌ನ ಕೆಲವು ವಿಶ್ವವಿದ್ಯಾಲಯಗಳು ನಡೆಸುವ ಅನ್ವಯಿಕ ಕಲೆ ಮತ್ತು ವಿಜ್ಞಾನದ ಪದವಿಗೆ ಮಾತ್ರ ಅವು ಹೆಚ್ಚಾಗಿ ಸಲ್ಲುತ್ತವೆ. ವೃತ್ತಿ ಶಿಕ್ಷಣ ಪಡೆದವರಿಗೆ ಕೆಲಸ ಬೇಗ ಸಿಕ್ಕರೂ ವಯಸ್ಸಾದಂತೆ ಆ ಅನುಕೂಲ ಕರಗುತ್ತದೆ ಎಂದು ಎರಿಕ್ ಹನುಷೆಕ್ ಮತ್ತು ಸಂಗಡಿಗರು 11 ದೇಶಗಳ ಮಾಹಿತಿಯಿಂದ 2017ರಲ್ಲಿ ತೋರಿಸಿದರು. ಕಂಬ ಹತ್ತುವ ದೇಹ ಐವತ್ತಕ್ಕೆ ಸೋಲುತ್ತದೆ. ಆಗ ಮೇಲ್ವಿಚಾರಕನಾಗಲು, ಸುರಕ್ಷತಾ ಅಧಿಕಾರಿಯಾಗಲು ಓದು ಬೇಕಾಗುತ್ತದೆ. ಮೊದಲ ವರ್ಷದಲ್ಲೇ ಗಣಿತ, ಇಂಗ್ಲಿಷ್‌ನಂಥ ಸಾಮಾನ್ಯ ವಿಷಯಗಳನ್ನು ಎಲ್ಲ ಕಡೆ ಸಲ್ಲುವ ರೂಪದಲ್ಲಿ ಆರಿಸಿಕೊಂಡರೆ ಮುಂದಿನ ದಾರಿ ಸ್ವಲ್ಪ ಸುಗಮವಾಗುತ್ತದೆ.

ಇದೇ ಪ್ರಶ್ನೆಯಿರುವ, ಆದರೆ ಮಕ್ಕಳು ಎಚ್-4 ವೀಸಾದಲ್ಲಿರುವ (ಉದ್ಯೋಗ ವೀಸಾದಲ್ಲಿ ಬಂದವರ ಅವಲಂಬಿತರಿಗೆ ಕೊಡುವ ವೀಸಾ) ಕನ್ನಡ ಕುಟುಂಬಗಳಿಗೆ ಒಂದು ಮಾತು. ಪೆಲ್ ಅನುದಾನವೂ ಕೇಂದ್ರದ ಸಾಲವೂ ಪ್ರಜೆಗಳಿಗೆ, ಗ್ರೀನ್ ಕಾರ್ಡ್ ಇರುವವರಿಗೆ ಮತ್ತು ಇನ್ನು ಕೆಲವೇ ವರ್ಗದವರಿಗೆ ಸಿಗುತ್ತವೆ, ಎಚ್-4 ಮಕ್ಕಳಿಗೆ ಸಿಗುವುದಿಲ್ಲ. 21 ತುಂಬಿದಾಗ ಆ ವೀಸಾ ಮುಗಿಯುತ್ತದೆ, ಭಾರತೀಯರ ಗ್ರೀನ್ ಕಾರ್ಡ್ ಸರದಿಯ ಉದ್ದ ಎಲ್ಲರಿಗೂ ಗೊತ್ತಿದೆ. ಅಪ್ರೆಂಟಿಸ್‌ಶಿಪ್ ಸಂಬಳದ ಕೆಲಸವಾದ್ದರಿಂದ ಕೆಲಸದ ಪರವಾನಗಿ ಇಲ್ಲದೆ ಅದೂ ಸಾಧ್ಯವಿಲ್ಲ. ಸ್ಕೋರ್‌ಕಾರ್ಡ್‌ನ ಗಳಿಕೆ, ಸಾಲದ ಅಂಕಿಗಳಲ್ಲಿ ಈ ಮಕ್ಕಳಿಲ್ಲ, ಆದ್ದರಿಂದ ಅವರಿಗೆ ನಾನು ಈ ಕೋರ್ಸನ್ನು ಸೂಚಿಸಲಾರೆ.

ನಿಮ್ಮ ಮಗನ ಮಟ್ಟಿಗೆ, ಸೇರುವ ಮುನ್ನ ಕಾಲೇಜಿನ ವಿಭಾಗಕ್ಕೆ ಅವನೇ ಹೋಗಿ ಕೇಳಬೇಕಾದದ್ದಿದೆ. ಕಳೆದ ವರ್ಷ ಈ ಕ್ಯಾಂಪಸ್ಸಿನಲ್ಲಿ, ಈ ಕೋರ್ಸಿಗೆ ಎಷ್ಟು ಜನ ಸೇರಿದರು, ಎಷ್ಟು ಜನ ಮುಗಿಸಿದರು. ಮುಗಿಸಿದವರನ್ನು ಯಾವ ಕಂಪನಿಗಳು, ಯಾವ ಹುದ್ದೆಗೆ, ಗಂಟೆಗೆ ಎಷ್ಟು ಸಂಬಳಕ್ಕೆ ತೆಗೆದುಕೊಂಡವು. ಆ ಕೆಲಸದಲ್ಲಿ ಓವರ್‌ಟೈಮು ಎಷ್ಟು. ವಾಣಿಜ್ಯ ಪರವಾನಗಿಯ ತರಬೇತಿ ಶುಲ್ಕದೊಳಗೇ ಸೇರಿದೆಯೇ. ಕಂಬ ಹತ್ತುವ ಸಾಧನ, ಬೂಟು, ಬೆಲ್ಟುಗಳಿಗೆ ಬೇರೆ ಎಷ್ಟು ಖರ್ಚು. ಇದಕ್ಕೆ ವಿದ್ಯಾರ್ಥಿಗಳ ಹೆಸರು ಹೇಳದೆ ಸಂಖ್ಯೆಗಳನ್ನು ಕೊಡಬಲ್ಲ ಬೋಧಕರು ಸಾಮಾನ್ಯವಾಗಿ ಸಂತೋಷದಿಂದಲೇ ಕೊಡುತ್ತಾರೆ. ಒಳ್ಳೆಯ ಭವಿಷ್ಯವಿದೆ ಎಂಬ ಮಾತಿನಲ್ಲೇ ನಿಲ್ಲಿಸುವ ಕಡೆ ಸ್ವಲ್ಪ ನಿಧಾನಿಸಿ. ಅದೇ ವಾರ ಅವನು ನಿಮ್ಮ ಊರಿನ ವಿದ್ಯುತ್ ಕಂಪನಿಗೂ ಕಾರ್ಮಿಕ ಸಂಘಕ್ಕೂ ಅಪ್ರೆಂಟಿಸ್ ಅರ್ಜಿಯ ಬಗ್ಗೆ ವಿಚಾರಿಸಲಿ. ಅಲ್ಲಿ ಸ್ಥಾನ ಸಿಕ್ಕರೆ ಸಾಲದ ಪ್ರಶ್ನೆಯೇ ಏಳುವುದಿಲ್ಲ. ಸಿಗದಿದ್ದರೆ ಮೊದಲ ವರ್ಷಕ್ಕೆ 5,500 ಡಾಲರಿನ ಮಿತಿಯೊಳಗೆ ಸಾಲ ತೆಗೆದು ಕಾಲೇಜಿಗೆ ಸೇರಲಿ, ಎರಡನೇ ವರ್ಷದ ಸಾಲಕ್ಕೆ ಸಹಿ ಹಾಕುವ ಮುನ್ನ ಆ ವರ್ಷದ ಬೇಸಿಗೆಯಲ್ಲಿ ಯಾವುದಾದರೂ ಲೈನ್ ತಂಡದ ಜೊತೆ ನೆಲದ ಮೇಲಿನ ಸಹಾಯಕನಾಗಿ ದುಡಿದು ನೋಡಲಿ.